ತೊಣ್ಣೂರು ಕೆರೆ: ಏರಿಯಿಂದ ಗುಡಿಯವರೆಗೆ ಒಂದು ನಡಿಗೆ

ಭಾನುವಾರ ಬಂತೆಂದರೆ ಕೆರೆತೊಣ್ಣೂರಿನ ಏರಿಯ ಬಳಿ ಮೈಸೂರು, ಬೆಂಗಳೂರಿನ ಕಾರುಗಳು ಸಾಲುಗಟ್ಟುತ್ತವೆ. ಬಂದವರು ತಿಳಿನೀರು ನೋಡಿ, ಫೋಟೊ ತೆಗೆದುಕೊಂಡು, ಮೇಲುಕೋಟೆಯ ಹಾದಿ ಹಿಡಿಯುತ್ತಾರೆ. ಪಾಂಡವಪುರ ತಾಲ್ಲೂಕಿನ ಈ ಊರಿಗೆ ಅರ್ಧ ದಿನ ಕೊಟ್ಟು ಕಾಲ್ನಡಿಗೆಯಲ್ಲಿ ಸುತ್ತಿದರೆ, ಇಲ್ಲಿನ ಗುಡಿ, ದರ್ಗಾ, ಗದ್ದೆಬಯಲು ಎಲ್ಲಕ್ಕೂ ಈ ನೀರೇ ಆಸರೆ ಎಂಬುದು ತಿಳಿಯುತ್ತದೆ.

ನಡಿಗೆ ಏರಿಯಿಂದಲೇ ಶುರುವಾಗಲಿ. ಯಾದವ ನದಿಯೂ ಬೆಟ್ಟದ ಹಳ್ಳಗಳೂ ಕೂಡುವಲ್ಲಿ, ಎರಡು ಕಲ್ಲುಬೆಟ್ಟಗಳ ನಡುವಿನ ಸಂದಿಗೆ ಅಡ್ಡಲಾಗಿ ಇದನ್ನು ಕಟ್ಟಿದ್ದಾರೆ. ಹಳೆಯ ಗೆಜೆಟಿಯರ್ ಪ್ರಕಾರ ಏರಿಯ ಎತ್ತರ 78 ಅಡಿ, ಬುಡದ ದಪ್ಪ 250 ಅಡಿ. ಉದ್ದ ಮಾತ್ರ ಸುಮಾರು 150 ಗಜ. ಕಟ್ಟಿದವರ ಜಾಣತನ ಇರುವುದು ಇಲ್ಲೇ. ಎರಡು ಬದಿಗೂ ಬೆಟ್ಟವೇ ಗೋಡೆಯಾದ್ದರಿಂದ ಉದ್ದ ಕಡಿಮೆಯ ಏರಿಯೊಂದು ಅಷ್ಟೊಂದು ನೀರನ್ನು ಹಿಡಿದು ನಿಲ್ಲಿಸಿದೆ. ಆಳ ಹೆಚ್ಚಿದಂತೆ ನೀರಿನ ಒತ್ತಡವೂ ಹೆಚ್ಚುವುದರಿಂದ ಬುಡವನ್ನು ಅಷ್ಟು ಅಗಲವಾಗಿ ಹಾಕಿದ್ದಾರೆ. ಏರಿಯ ಮೇಲೆ ನಿಂತು ಒಮ್ಮೆ ನೀರಿನತ್ತ, ಒಮ್ಮೆ ಕೆಳಗಿನ ಅಚ್ಚುಕಟ್ಟಿನತ್ತ ನೋಡಿ. ಭತ್ತ, ಕಬ್ಬು, ತೆಂಗಿನ ಆ ಹಸಿರೇ ಕೆರೆಯ ನಿಜವಾದ ಲೆಕ್ಕಪತ್ರ.

ಸಂಪ್ರದಾಯ ಈ ಕೆರೆಯನ್ನು ಹನ್ನೆರಡನೆಯ ಶತಮಾನದ ರಾಮಾನುಜಾಚಾರ್ಯರ ಹೆಸರಿನೊಂದಿಗೆ ಜೋಡಿಸುತ್ತದೆ. ಅವರು ಇಟ್ಟ ಹೆಸರು ತಿರುಮಲಸಾಗರ ಎನ್ನುತ್ತಾರೆ. 1746ರಲ್ಲಿ ಇಲ್ಲಿಗೆ ಬಂದ ನಿಜಾಮನ ಮಗ ನಾಸಿರ್ ಜಂಗ್ ನೀರಿನ ತಿಳಿಗೆ ಮನಸೋತು ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಎಂದು ಕರೆದ. ಮುಂದೆ ಟಿಪ್ಪುವಿನ ಕಾಲದಲ್ಲಿ ಏರಿಯನ್ನು ಒಡೆಸಲಾಯಿತು, ಆಮೇಲೆ ಅದು ದುರಸ್ತಿಯಾಯಿತು. ಒಡೆದರೂ ಮತ್ತೆ ಕಟ್ಟಿಕೊಂಡದ್ದರಿಂದಲೇ ಕೆರೆ ನಮ್ಮವರೆಗೆ ಬಂದಿದೆ.

ಏರಿ ಇಳಿದು ಊರೊಳಗೆ ನಡೆದರೆ ಹೊಯ್ಸಳರ ತೊಂಡನೂರು ತೆರೆದುಕೊಳ್ಳುತ್ತದೆ. ವಿಷ್ಣುವರ್ಧನ ಸ್ಥಾಪಿಸಿದನೆನ್ನುವ ಪಂಚನಾರಾಯಣರಲ್ಲಿ ಒಬ್ಬನಾದ ನಂಬಿನಾರಾಯಣ ಇಲ್ಲಿದ್ದಾನೆ. ಬೇಲೂರಿನ ಕುಸುರಿಯನ್ನು ನಿರೀಕ್ಷಿಸಿ ಬರಬೇಡಿ. ಇದು ಗಟ್ಟಿ ಕಣಶಿಲೆಯ ಕಟ್ಟಡ, ಇದರ ಚೆಲುವು ಕಂಬಗಳ ಸಾಲಿನಲ್ಲಿ, ಸರಳತೆಯಲ್ಲಿ ಇದೆ. ಊರಿನ ಶಾಸನಗಳಲ್ಲಿ ಹಲವು ತಮಿಳಿನಲ್ಲಿವೆ. ದಕ್ಷಿಣದಿಂದ ಬಂದ ಶ್ರೀವೈಷ್ಣವರು ಇಲ್ಲಿ ಬೇರೂರಿದ್ದಕ್ಕೆ ಅವೇ ಸಾಕ್ಷಿ. ಹತ್ತಿರದಲ್ಲೇ ಕೃಷ್ಣನ ಗುಡಿ ಇದೆ. ಮೆಟ್ಟಿಲು ಹತ್ತಿದರೆ ಯೋಗನರಸಿಂಹನ ಗುಡಿ. ರಾಮಾನುಜರು ಜೈನ ವಿದ್ವಾಂಸರೊಂದಿಗೆ ತೆರೆಯ ಹಿಂದೆ ಕುಳಿತು ವಾದ ನಡೆಸಿದ ಕಥೆಯನ್ನು ಭಕ್ತರು ಈ ಗುಡಿಗೆ ಸೇರಿಸಿ ಹೇಳುತ್ತಾರೆ. ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿಯ ಸೇನೆ ರಾಜಧಾನಿ ದೋರಸಮುದ್ರವನ್ನು ಹಾಳುಗೆಡವಿದಾಗ ಹೊಯ್ಸಳ ಅರಸು ಆಶ್ರಯ ಪಡೆದದ್ದೂ ಈ ತೊಂಡನೂರಿನಲ್ಲೇ.

ಸಯ್ಯದ್ ಸಾಲಾರ್ ಮಸೂದರ ದರ್ಗಾವನ್ನು ನೋಡದೆ ನಡಿಗೆ ಮುಗಿಸಬೇಡಿ. ಈ ಗೋರಿ 1358ರದೆಂದು ಗೆಜೆಟಿಯರ್ ದಾಖಲಿಸಿದೆ.

ಮಳೆಗಾಲ ಮುಗಿದ ಮೇಲೆ, ನವೆಂಬರ್‌ನಿಂದ ಜನವರಿಯವರೆಗೆ ಬೆಳಗಿನ ಹೊತ್ತು ಈ ನಡಿಗೆಗೆ ಚೆಂದ. ನೆತ್ತಿ ಸುಡುವ ಮುನ್ನ ಏರಿ ನೋಡಿ, ಆಮೇಲೆ ಗುಡಿಗಳ ನೆರಳಿಗೆ ಬನ್ನಿ. ನೀರು ತಿಳಿಯಾಗಿ ಕಂಡರೂ ಆಳ ದೊಡ್ಡದು, ಈಜಲು ಇಳಿಯಬೇಡಿ. ತಂದ ಬಾಟಲಿ, ಕವರು ನಿಮ್ಮ ಚೀಲದಲ್ಲೇ ವಾಪಸು ಹೋಗಲಿ. ಮಕ್ಕಳಿಗೆ ತೂಬು, ಕೋಡಿ, ಅಚ್ಚುಕಟ್ಟುಗಳನ್ನು ಬೆರಳಿಟ್ಟು ತೋರಿಸಿ. ಕೆರೆ ಹೇಗೆ ಕೆಲಸ ಮಾಡುತ್ತದೆ ಎಂದು ಬಲ್ಲವರೇ ನಾಳೆ ಅದನ್ನು ಉಳಿಸಿಕೊಳ್ಳಬಲ್ಲರು.