ಲೆಕ್ಕಪುಸ್ತಕದಲ್ಲಿ ಕಾಣದ ನಷ್ಟ: ದುಡಿಮೆಯಿಂದ ಬರುವ ಬೆನ್ನು, ಭುಜ, ಮಣಿಕಟ್ಟುಗಳ ನೋವು

ಕಳೆದ ಮೂರು ದಶಕಗಳಲ್ಲಿ ಅನೇಕ ಮಂಡಿಗಳ, ಅಕ್ಕಿ ಗಿರಣಿಗಳ ಹಾಗೂ ಸಣ್ಣ ಕಾರ್ಖಾನೆಗಳ ಲೆಕ್ಕಪತ್ರಗಳನ್ನು ಪರಿಶೋಧಿಸುವ ಅವಕಾಶ ನನಗೆ ದೊರೆತಿದೆ. ಒಡೆದ ಚೀಲ, ತೂಕದ ಕೊರತೆ, ವಸೂಲಾಗದ ಬಾಕಿ, ಇವೆಲ್ಲಕ್ಕೂ ಖಾತೆಗಳಿವೆ. ಚೀಲ ಎತ್ತಿದವನ ಬೆನ್ನಿಗೆ ಆದ ಹಾನಿಗೆ ಮಾತ್ರ ಯಾವ ಪುಸ್ತಕದಲ್ಲಿಯೂ ಖಾತೆಯನ್ನು ಕಂಡಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಧಾನ್ಯ ಮಳಿಗೆಯ ಹಾಜರಿ ಪುಸ್ತಕವನ್ನು ನೋಡುತ್ತಿದ್ದಾಗ, ಗೋದಾಮಿನ ಒಬ್ಬ ಕೆಲಸಗಾರನ ಹೆಸರಿನ ಮುಂದೆ ತಿಂಗಳುಗಟ್ಟಲೆ ಒಂದೆರಡು ದಿನಗಳ ಗೈರುಹಾಜರಿ ಅಲ್ಲಲ್ಲಿ ಕಂಡುಬಂದಿತು. ‘ಸೋಮಾರಿತನ, ಇನ್ನೇನು?’ ಎಂದರು ಮಾಲೀಕರು. ಆರು ತಿಂಗಳಲ್ಲಿ ಆತ ಕೆಲಸ ಬಿಟ್ಟನು. ನೆಟ್ಟಗೆ ನಿಲ್ಲಲಾಗದಷ್ಟು ಸೊಂಟನೋವೇ ಕಾರಣವೆಂದು ಅನಂತರ ತಿಳಿಯಿತು. ಹಾಜರಿ ಪುಸ್ತಕವು ಅದನ್ನು ಮೊದಲೇ ಸೂಚಿಸಿತ್ತು. ಓದುವ ರೀತಿ ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ತೊಂದರೆಯ ಸ್ವರೂಪ

ಸ್ನಾಯು, ಸ್ನಾಯುರಜ್ಜು, ಕೀಲು ಹಾಗೂ ನರಗಳಿಗೆ ದುಡಿಮೆಯಿಂದ ಕ್ರಮೇಣ ಉಂಟಾಗುವ ಹಾನಿಗಳನ್ನು ಒಟ್ಟಾಗಿ ವೃತ್ತಿಜನ್ಯ ಸ್ನಾಯು-ಅಸ್ಥಿ ತೊಂದರೆಗಳೆಂದು ಕರೆಯುತ್ತಾರೆ. ಅಪಘಾತಕ್ಕೆ ದಿನಾಂಕವಿರುತ್ತದೆ, ಇದಕ್ಕಿರುವುದಿಲ್ಲ. ಅತಿಯಾದ ಬಲಪ್ರಯೋಗ, ಒಂದೇ ಚಲನೆಯ ಪುನರಾವರ್ತನೆ, ಬಾಗಿದ ಅಥವಾ ತಿರುಚಿದ ಭಂಗಿ, ಅಲುಗಾಡದೆ ಒಂದೇ ಸ್ಥಿತಿಯಲ್ಲಿರುವಿಕೆ, ಯಂತ್ರಗಳ ಕಂಪನ ಇವು ಮುಖ್ಯ ಕಾರಣಗಳು. ಇವುಗಳಲ್ಲಿ ಎರಡು ಮೂರು ಒಟ್ಟುಗೂಡಿದಾಗ ಅಪಾಯ ಹೆಚ್ಚುತ್ತದೆ.

ಇದು ಹಮಾಲರಿಗೆ ಮಾತ್ರ ಸೀಮಿತವಲ್ಲ. 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಗ್ರಂಥ ಪ್ರಕಟಿಸಿದ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ, ಲೆಕ್ಕ ಬರೆಯುವ ಗುಮಾಸ್ತರ ತೊಂದರೆಗಳಿಗೆ ಸದಾ ಕುಳಿತಿರುವುದು, ಕೈಯ ಏಕರೂಪದ ಚಲನೆ ಹಾಗೂ ಮನಸ್ಸಿನ ಆಯಾಸಗಳೇ ಕಾರಣವೆಂದು ಗುರುತಿಸಿದ್ದನು. ಲೇಖನಿಯ ಬದಲು ಗಣಕಯಂತ್ರ ಬಂದರೂ ನಮ್ಮ ಕಚೇರಿಗಳಲ್ಲಿ ಈ ಮೂರೂ ಉಳಿದಿವೆ.

ಗುರುತಿಸುವುದು ಹೇಗೆ?

ಮೊದಲ ಹಂತದಲ್ಲಿ ನೋವು ಕೆಲಸದ ವೇಳೆ ಬಂದು ರಾತ್ರಿಯ ವಿಶ್ರಾಂತಿಯಿಂದ ಹೋಗುತ್ತದೆ. ಎರಡನೆಯದರಲ್ಲಿ ಬೆಳಿಗ್ಗೆಯೂ ಉಳಿಯುತ್ತದೆ. ಮೂರನೆಯದರಲ್ಲಿ ವಿಶ್ರಾಂತಿಯಲ್ಲಿಯೂ ಬಿಡದೆ ನಿದ್ರೆಗೆಡಿಸುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ರಾತ್ರಿ ಜೋಮು ಹಿಡಿಯುವುದು, ಹಿಡಿತ ಸಡಿಲವಾಗಿ ವಸ್ತುಗಳು ಕೈಜಾರುವುದು ಮಣಿಕಟ್ಟಿನ ನರ ಒತ್ತಡಕ್ಕೊಳಗಾಗಿರುವುದರ ಲಕ್ಷಣಗಳಾಗಿರಬಹುದು, ವೈದ್ಯರನ್ನು ಕಾಣಬೇಕು.

1987ರಲ್ಲಿ ಪ್ರಕಟವಾದ ನಾರ್ಡಿಕ್ ಪ್ರಶ್ನಾವಳಿಯು ಕುತ್ತಿಗೆಯಿಂದ ಪಾದದವರೆಗೆ ದೇಹವನ್ನು ಒಂಬತ್ತು ಭಾಗಗಳಾಗಿ ವಿಂಗಡಿಸಿ, ಕಳೆದ 12 ತಿಂಗಳಲ್ಲಿ ಹಾಗೂ ಕಳೆದ 7 ದಿನಗಳಲ್ಲಿ ಎಲ್ಲೆಲ್ಲಿ ತೊಂದರೆಯಿತ್ತೆಂದು ಕೇಳುತ್ತದೆ. ಒಂದೇ ವಿಭಾಗದ ಹಲವರು ಒಂದೇ ಭಾಗವನ್ನು ತೋರಿಸಿದರೆ, ದೋಷ ಕೆಲಸಗಾರನಲ್ಲಿರುವುದಕ್ಕಿಂತ ಕೆಲಸದ ವಿಧಾನದಲ್ಲಿರುವ ಸಂಭವವೇ ಹೆಚ್ಚು.

ಅಳೆಯುವುದು ಹೇಗೆ?

ಹೊಲಿಗೆ, ಜೋಡಣೆಯಂತಹ ಕೆಲಸಗಳಿಗೆ 1993ರಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ‘ರೂಲಾ’ ಪದ್ಧತಿಯಿದೆ. ತೋಳು, ಮಣಿಕಟ್ಟು, ಕುತ್ತಿಗೆ, ಮುಂಡಗಳ ಭಂಗಿಯನ್ನು ಗಮನಿಸಿ 1ರಿಂದ 7ರವರೆಗೆ ಅಂಕ ನೀಡಲಾಗುತ್ತದೆ. 7 ಬಂದರೆ ತಕ್ಷಣವೇ ಬದಲಾವಣೆ ಅಗತ್ಯ.

ಭಾರ ಎತ್ತುವುದಕ್ಕೆ ಅಮೆರಿಕದ ‘ನಯಾಶ್’ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಸೂತ್ರವಿದೆ. ಅತ್ಯನುಕೂಲ ಸ್ಥಿತಿಯಲ್ಲಿ 23 ಕಿ.ಗ್ರಾಂ. ಅದರ ಮಿತಿ. ಪ್ರತಿಕೂಲ ಸ್ಥಿತಿಯೊಂದೊಂದಕ್ಕೂ ಅದರಲ್ಲಿ ಕಡಿತವಾಗುತ್ತದೆ. ಚೀಲವು ದೇಹದಿಂದ 40 ಸೆಂ.ಮೀ. ದೂರದಲ್ಲಿದೆ (ಗುಣಕ 0.625), ಕೈಗಳು ನೆಲದಿಂದ 25 ಸೆಂ.ಮೀ. ಎತ್ತರದಲ್ಲಿವೆ (0.85), 75 ಸೆಂ.ಮೀ. ಮೇಲೆತ್ತಬೇಕು (0.88), ಹಿಡಿಕೆ ಸರಿಯಿಲ್ಲ (0.90) ಎಂದಿಟ್ಟುಕೊಳ್ಳೋಣ. ಇವನ್ನು 23ರೊಂದಿಗೆ ಗುಣಿಸಿದರೆ ಸುಮಾರು 9.7 ಕಿ.ಗ್ರಾಂ. ಬರುತ್ತದೆ. ಎತ್ತುವ ಭಾರವನ್ನು ಇದರಿಂದ ಭಾಗಿಸಿದಾಗ ದೊರೆಯುವ ಸೂಚ್ಯಂಕ 1ನ್ನು ಮೀರಿದಷ್ಟೂ ಅಪಾಯ ಹೆಚ್ಚು. 50 ಕಿ.ಗ್ರಾಂ. ಚೀಲಕ್ಕೆ ಅದು 5.2. ಇದು ಆಗೊಮ್ಮೆ ಈಗೊಮ್ಮೆ ಎತ್ತುವಾಗಿನ ಲೆಕ್ಕ. ಬಿಡುವಿಲ್ಲದೆ ಎತ್ತಿದರೆ ಮಿತಿ ಇನ್ನೂ ಇಳಿಯುತ್ತದೆ. ತಲೆ ಅಥವಾ ಬೆನ್ನ ಮೇಲೆ ಹೊರುವುದಕ್ಕೆ ಈ ಸೂತ್ರ ಅನ್ವಯಿಸುವುದಿಲ್ಲ.

ಚೀಲದ ತೂಕ ಬದಲಾಗದೆಂದು ಹಲವರು ಹೇಳುತ್ತಾರೆ. 25 ಕಿ.ಗ್ರಾಂ.ವರೆಗಿನ ಪೊಟ್ಟಣದ ಅಕ್ಕಿಯ ಮೇಲೆ 2022ರ ಜುಲೈ 18ರಿಂದ ಶೇ. 5 ಜಿ.ಎಸ್.ಟಿ. ಬಂದಾಗ 26 ಕಿ.ಗ್ರಾಂ. ಚೀಲಗಳು ಎಷ್ಟು ಬೇಗ ಮಾರುಕಟ್ಟೆಗೆ ಬಂದವೆಂಬುದು ಸದಸ್ಯರಿಗೆ ತಿಳಿದೇ ಇದೆ. ತೆರಿಗೆಗಾಗಿ ಬದಲಾದ ತೂಕ ಬೆನ್ನಿಗಾಗಿಯೂ ಬದಲಾಗಬಹುದು.

ತಡೆಯುವುದು ಹೇಗೆ?

ಮೊದಲು ಕೆಲಸವನ್ನು ಬದಲಿಸಬೇಕು, ಅನಂತರ ಕೆಲಸಗಾರನಿಗೆ ಬೋಧಿಸಬೇಕು. ಚೀಲಗಳನ್ನು ನೆಲದ ಬದಲು 75 ಸೆಂ.ಮೀ. ಎತ್ತರದ ಕಟ್ಟೆಯ ಮೇಲಿರಿಸಿ, 25 ಸೆಂ.ಮೀ. ಮಾತ್ರ ಎತ್ತುವಂತೆ, ದೇಹದಿಂದ 30 ಸೆಂ.ಮೀ. ದೂರದಲ್ಲಿರುವಂತೆ ಮಾಡಿದರೆ ಅದೇ ಮಿತಿ 9.7ರಿಂದ ಸುಮಾರು 17 ಕಿ.ಗ್ರಾಂ.ಗೆ ಏರುತ್ತದೆ. ಕಟ್ಟೆಗೆ ತಗಲುವ ವೆಚ್ಚ ಒಂದು ಸಲದ್ದು. ಕೈಗಾಡಿ, ಪ್ಯಾಲೆಟ್ ಟ್ರಕ್ ಮುಂತಾದವನ್ನು ಬಂಡವಾಳ ವೆಚ್ಚವಾಗಿ ತೋರಿಸಿ ಸವಕಳಿ ಪಡೆಯಬಹುದು. ಹೊಲಿಗೆ ವಿಭಾಗದಲ್ಲಿ ಎತ್ತರ ಹೊಂದಿಸಬಹುದಾದ ಆಸನ, ಎಲ್ಲೆಡೆ ಕೆಲಸದ ಸರದಿ ಹಾಗೂ ಚಿಕ್ಕ ಚಿಕ್ಕ ಬಿಡುವುಗಳು ಉಪಯುಕ್ತ. ಸೊಂಟಪಟ್ಟಿ ವಿತರಿಸಿ ಕರ್ತವ್ಯ ಮುಗಿಯಿತೆಂದು ಭಾವಿಸಬಾರದು. ಆರೋಗ್ಯವಂತ ಕೆಲಸಗಾರರನ್ನು ಅದು ರಕ್ಷಿಸುತ್ತದೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ನಯಾಶ್ 1994ರಲ್ಲಿಯೇ ಹೇಳಿದೆ.

ಹಾನಿಕಾರಕ ಭಾರವನ್ನು ಎತ್ತಿಸಬಾರದೆಂದು 1948ರ ಕಾರ್ಖಾನೆಗಳ ಅಧಿನಿಯಮದ 34ನೆಯ ಪ್ರಕರಣ ವಿಧಿಸಿತ್ತು. ಅದರ ಸ್ಥಾನದಲ್ಲಿ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಗಾಯ ಅಥವಾ ವೃತ್ತಿರೋಗ ತರುವ ಅಪಾಯಗಳಿಂದ ಕೆಲಸದ ಸ್ಥಳವನ್ನು ಮುಕ್ತವಾಗಿರಿಸುವ ಹೊಣೆಯನ್ನು ಅದು ಮಾಲೀಕರ ಮೇಲಿರಿಸಿದೆ.

ಈ ತಿಂಗಳ ಲೆಕ್ಕ ಮುಗಿಸುವಾಗ ಸದಸ್ಯರು ಹಾಜರಿ ಪುಸ್ತಕವನ್ನು ವಿಭಾಗವಾರು ಒಮ್ಮೆ ಓದಲಿ. ಬಿಡಿಬಿಡಿ ಗೈರುಹಾಜರಿ, ಬದಲಿ ಆಳಿನ ಕೂಲಿ, ಹೊಸಬರು ಕಲಿಯುವವರೆಗಿನ ಉತ್ಪಾದನೆಯ ಕೊರತೆ ಇವನ್ನು ಒಂದು ಹಾಳೆಯಲ್ಲಿ ಕೂಡಿಸಲಿ. ಮೊತ್ತ ಹೆಚ್ಚಿರುವ ವಿಭಾಗಕ್ಕೆ ಹೋಗಿ, ಅಲ್ಲಿಯ ಕೆಲಸಗಾರರನ್ನು ಕರೆದು ಎಲ್ಲಿ ನೋಯುತ್ತದೆಂದು ಕೇಳಲಿ. ಆ ಧಾನ್ಯ ಮಳಿಗೆಯಲ್ಲಿ ನಾವು ಕೇಳದೆ ಉಳಿದದ್ದು ಇದೊಂದೇ ಪ್ರಶ್ನೆ.