ಉಗ್ರಾಣದಲ್ಲಿ ಮರೆತ ಬೆರಟಿ

ದಕ್ಷಿಣ ಕನ್ನಡದ ಮನೆಗಳಲ್ಲಿ ಮಳೆ ಹಿಡಿದ ಮೇಲೆ ಉಗ್ರಾಣವನ್ನು ಶೋಧಿಸಿದರೆ, ಯಾವುದೋ ಮೂಲೆಯಲ್ಲಿ ಹೋದ ವರ್ಷದ ಬೆರಟಿಯ ಭರಣಿಯೊಂದು ದೊರೆಯುವುದುಂಟು. ಹಲಸಿನ ತೊಳೆಗಳನ್ನು ಬೆಲ್ಲದೊಡನೆ ನೀರಾರುವವರೆಗೆ ಕಾಯಿಸಿದ ಪಾಕವಿದು. ತೇವವು ಅಲ್ಪ, ಸಿಹಿಯು ಅಧಿಕ. ಆದುದರಿಂದಲೇ ಬಹುಕಾಲ ನಿಲ್ಲುವುದು. ಅಮರಸಿಂಹನು ಹಲಸನ್ನು ಕಂಟಕಿಫಲವೆಂದನು. ಒಳಗಿನ ಸವಿಯ ವಿಷಯದಲ್ಲಿ ಕೋಶಕಾರನು ಮೌನಿ!

ಭರಣಿಯನ್ನು ಕಂಡೊಡನೆ ಸೊಸೆಯಂದಿರು ಚೆಲ್ಲಲು ಹೊರಡುವರು, ಅತ್ತೆಯಂದಿರು ಬಡಿಸಲು. ಮೊದಲು ಪರೀಕ್ಷಿಸತಕ್ಕದ್ದು. ಹುಳಿನಾತವಾಗಲಿ ಬೂಷ್ಟಾಗಲಿ ಇದ್ದರೆ, ಮೇಲಿನದನ್ನು ಮಾತ್ರ ತೆಗೆದು ಉಳಿದುದನ್ನು ಬಳಸುವ ಜಿಪುಣತನ ಸಲ್ಲದು. ಕಣ್ಣಿಗೆ ಕಾಣದ ವಿಷವು ಕೆಳಗಿಳಿದಿರಬಹುದು. ಮಕ್ಕಳುಣ್ಣುವ ಮನೆಯಲ್ಲಿ ಎಲ್ಲವನ್ನೂ ಚೆಲ್ಲುವುದೇ ಲೇಸು. ಬರಿಯ ಗಟ್ಟಿಯಾಗಿದ್ದರೆ ದೋಷವಿಲ್ಲ.

ಅಂತಹ ಬೆರಟಿ 1 ಕುಡ್ತೆಯನ್ನು 2 ಕುಡ್ತೆ ಬಿಸಿನೀರಿನಲ್ಲಿ ಕದಡಿ, ಹುರಿದ ಅಕ್ಕಿತರಿ 1 ಕುಡ್ತೆ, ತೆಂಗಿನ ತುರಿ, ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿ, ಸಣ್ಣ ಉರಿಯಲ್ಲಿ ಮುದ್ದೆಗಟ್ಟುವವರೆಗೆ ಮಗುಚಬೇಕು. ಬಳಿಕ ತುಪ್ಪ ಸವರಿದ ಬಾಳೆಲೆಯನ್ನು ದಪ್ಪ ತಳದ ಪಾತ್ರೆಯಲ್ಲಿ ಹಾಸಿ, ಮುದ್ದೆಯನ್ನು ತಟ್ಟಿ, ಮುಚ್ಚಳದ ಮೇಲೆಯೂ ಕೆಂಡವನ್ನಿಟ್ಟು ಬೇಯಿಸುವುದು. ಕೊಂಕಣಿಗರು ಸೌತೆಯಿಂದ ಮಾಡುವ ದೋಂಡಸದ ಕ್ರಮವೂ ಇದೇ. ಓವನ್ ಉಳ್ಳವರಿಗೆ 180 ಡಿಗ್ರಿ ಶಾಖದಲ್ಲಿ ಸುಮಾರು ಮುಕ್ಕಾಲು ಗಂಟೆ ಸಾಕು. ಕೆಂಡದ ಪರಿಮಳವು ಮಾತ್ರ ಅದರಲ್ಲಿ ಬಾರದು. ಅಂಚು ಕಂದಿ ಪಾತ್ರೆಯನ್ನು ಬಿಟ್ಟಿತೆಂದರೆ ಬೆಂದಂತೆ. ಪೂರ್ತಿ ಆರುವ ಮೊದಲು ಕೊಯ್ಯಬಾರದು, ಪುಡಿಯಾಗುವುದು.