ಉಪ್ಪಿನಾಗರದ ಕೆಂಪು ನೀರು



ಮುಲುಂಡ್, ಭಾಂಡುಪ್ ಕಡೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಓಡಾಡುವವರು ಪಕ್ಕದ ಉಪ್ಪಿನಾಗರಗಳನ್ನು ನೋಡಿಯೇ ಇರುತ್ತೀರಿ. ಇಲ್ಲಿನವರ ಬಾಯಲ್ಲಿ ಅದು ಮಿಠಾಗರ. ನಮ್ಮ ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲೂ ಇಂಥವೇ ಇವೆ. ಬಿರುಬೇಸಿಗೆಯಲ್ಲಿ ಇಂಥ ಆಗರಗಳ ಕೊನೆಯ ಪಾತಿಗಳಲ್ಲಿ ನೀರು ಕೆಂಪಗಾಗುವುದುಂಟು. ಅದು ಕೊಳೆಯಲ್ಲ, ಯಾರೋ ಸುರಿದ ಬಣ್ಣವೂ ಅಲ್ಲ. ಕಣ್ಣಿಗೆ ಕಾಣದ ಜೀವಿಗಳ ಸಂತೆ ಅದು!

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಪಾತಿಯಿಂದ ಪಾತಿಗೆ ಹರಿಸುತ್ತ ಬಿಸಿಲಿಗೆ ಬಿಟ್ಟರೆ ನೀರು ಆವಿಯಾಗಿ, ಕೊನೆಯ ಪಾತಿಯಲ್ಲಿ ಅದು ಲೀಟರಿಗೆ 300 ಗ್ರಾಂ ಮುಟ್ಟುತ್ತದೆ. ಉಪ್ಪು ಏರಿದಂತೆ ಒಕ್ಕಲು ಬದಲಾಗುತ್ತದೆ. ಮೊದಲ ಪಾತಿಯಲ್ಲಿ ಕಡಲಿನದೇ ಪಾಚಿ, ಬ್ಯಾಕ್ಟೀರಿಯಾ, ಪುಟ್ಟ ಮೀನು. ಉಪ್ಪು ಎರಡು ಮೂರು ಪಟ್ಟಾದಾಗ ನೀಲಿ-ಹಸಿರು ಪಾಚಿ ತಳದಲ್ಲಿ ಚಾಪೆ ಹಾಸುತ್ತದೆ. ಈ ಚಾಪೆ ನೀರು ನೆಲಕ್ಕೆ ಇಂಗದಂತೆ ತಡೆಯುವುದರಿಂದ ಉಪ್ಪು ತೆಗೆಯುವವರಿಗೆ ಅದು ಉಪಕಾರಿ. ಇನ್ನೂ ಮುಂದೆ ಡ್ಯುನಲಿಯೆಲ್ಲಾ ಎಂಬ ಪಾಚಿ. ಕ್ಯಾರೆಟ್ಟಿನಲ್ಲಿರುವ ಬಣ್ಣವನ್ನೇ ತುಂಬಿಕೊಂಡು ಇದು ಕಿತ್ತಳೆಯಾಗುತ್ತದೆ. ಹರಳುಗಟ್ಟುವ ಪಾತಿಯಲ್ಲಿ ಆರ್ಕಿಯಾ ಗುಂಪಿನ ಕೆಂಪು ಜೀವಿಗಳದ್ದೇ ರಾಜ್ಯಭಾರ.

ಉಪ್ಪು ಹೀಗೇಕೆ ಆರಿಸುತ್ತದೆ? ಉಪ್ಪಿನಕಾಯಿ ಹಾಕಿದವರಿಗೆ ಗೊತ್ತು: ಉಪ್ಪು ಬೆರೆಸಿದ ಮಾವಿನ ಹೋಳು ನೀರು ಬಿಟ್ಟು ಮುದುಡುತ್ತದೆ. ಸಾಮಾನ್ಯ ಜೀವಾಣುವಿಗೂ ಅದೇ ಗತಿ; ಒಳಗಿನ ನೀರೆಲ್ಲ ಹೊರಗೆ. ಡ್ಯುನಲಿಯೆಲ್ಲಾ ತನ್ನೊಳಗೆ ಗ್ಲಿಸರಾಲ್ ತಯಾರಿಸಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಕೆಂಪು ಜೀವಿಗಳು ಇನ್ನೂ ಘಾಟಿ! ಹೊರಗಿನಷ್ಟೇ ಲವಣವನ್ನು ಮೈಯೊಳಗೂ ತುಂಬಿಕೊಂಡುಬಿಡುತ್ತವೆ. ಅದಕ್ಕೆ ತೆರುವ ಬೆಲೆಯೂ ದೊಡ್ಡದು: ಸಿಹಿನೀರಿಗೆ ಬಿದ್ದರೆ ಅವುಗಳಲ್ಲಿ ಹೆಚ್ಚಿನವು ಒಡೆದುಹೋಗುತ್ತವೆ. ಇವುಗಳಲ್ಲೊಂದು ಬರ್ಫಿ ಕತ್ತರಿಸಿದಂತೆ ಚೌಕಾಕಾರ, ಆದರೆ ಬಲು ತೆಳು. 1980ರಲ್ಲಿ ವಿಜ್ಞಾನಿ ವಾಲ್ಸ್‌ಬಿ ಇದನ್ನು ಸಿನಾಯ್ ಪ್ರದೇಶದ ಉಪ್ಪುನೀರಿನಲ್ಲಿ ಗುರುತಿಸಿದರು. ಪ್ರಯೋಗಾಲಯದಲ್ಲಿ ಬೆಳೆಸಿದ ವರದಿ ಬಂದದ್ದು 2004ರಲ್ಲಿ. ಅಷ್ಟು ಹಟಮಾರಿ!

ಮುಂಬಯಿಯ ಉಪ್ಪಿನಾಗರಗಳನ್ನು ನಮ್ಮಲ್ಲಿ ಅನೇಕರು 'ಖಾಲಿ ಜಾಗ' ಎಂದೇ ಕರೆಯುತ್ತೇವೆ. ನಾನೂ ಕರೆದವಳೇ. 2024ರಲ್ಲಿ ಧಾರಾವಿ ಪುನರ್ವಸತಿಯ ಮನೆಗಳಿಗಾಗಿ ಕಾಂಜೂರ್‌ಮಾರ್ಗ್, ಭಾಂಡುಪ್, ಮುಲುಂಡ್ ಕಡೆಯ ಆಗರ ಭೂಮಿ ಬಳಸಲು ರಾಜ್ಯ ಸಂಪುಟ ಒಪ್ಪಿತು. ಮನೆಯಿಲ್ಲದವರಿಗೆ ಮನೆ ಬೇಡ ಎನ್ನಲು ನನಗೆ ಬಾಯಿ ಬಾರದು. ಖಾಲಿ ಎಂಬ ಮಾತು ಮಾತ್ರ ಸುಳ್ಳು.

ಮಳೆಗಾಲದಲ್ಲಿ ಆಗರವೆಲ್ಲ ಸಪ್ಪೆಯಾದಾಗ ಕೆಂಪು ಮಾಯ. ಆದರೂ ಈ ಜೀವಿಗಳು ಉಪ್ಪಿನ ಹರಳಿನೊಳಗೆ ಸಿಕ್ಕಿಕೊಂಡ ನೀರಿನ ಹನಿಯಲ್ಲಿ ಬಹುಕಾಲ ಬದುಕಿರಬಲ್ಲವು. ಅಂಗಡಿಯ ಹರಳುಪ್ಪಿನಲ್ಲೂ ಅವು ಇರಬಹುದು. ಹೆದರಬೇಡಿ, ನಮಗೇನೂ ಮಾಡವು. ಊರಿಂದ ಬಂದ ಉಪ್ಪುಮೀನಿನ ಮೇಲೆ ಕೆಂಪು ಕಲೆ ಕಂಡರೆ ಮಾತ್ರ ಅದು ಹಾಳಾಗುತ್ತಿದೆ ಎಂದು ತಿಳಿಯಿರಿ. ಅಲ್ಲೂ ಕೈವಾಡ ಈ ಉಪ್ಪುಪ್ರಿಯರದ್ದೇ!